ಡ್ರೈವರ್ ಸೀಟು ಬಿಟ್ಟು

"ಇಲ್ಲಿಂದ ಕತ್ತರಿಸ್ಲಾ, ಇಲ್ಲಿಂದ ಕತ್ತರಿಸ್ಲಾ ಭಾವ?" ಎಂದು ಬಾಮೈದ ಸೀಮೆಸುಣ್ಣ ಹಿಡಿದು ವ್ಯಾನಿನ ಕುತ್ತಿಗೆಯ ಹತ್ತಿರ ಒಂದು ಗೆರೆ, ಹೊಟ್ಟೆಯ ಹತ್ತಿರ ಒಂದು ಗೆರೆ ಎಳೆದು ಕೇಳಿದಾಗ, ಮಗುಚಿ ಹಾಕಿದ ಹೂಕುಂಡದ ಮೇಲೆ ಕೂತಿದ್ದ ಅವನಿಗೆ ತನ್ನ ಕುತ್ತಿಗೆಯನ್ನೇ ಒಮ್ಮೆ ಸವರಿ ನೋಡಿಕೊಳ್ಳಬೇಕೆನಿಸಿತು. ಸವರಿಕೊಂಡ. ಗಡ್ಡ ಚುಚ್ಚಿತು. ಗೆರೆಗಳೆರಡೂ ನೆಟ್ಟಗಿರಲಿಲ್ಲ. ಹೆಂಡತಿಯ ತಮ್ಮನೆಂಬ ಈ ಮಹಾರಾಯ ವೆಲ್ಡಿಂಗಿನಲ್ಲಿ ತನ್ನನ್ನು ಮೀರಿಸುವವರಿಲ್ಲವೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ, ಒಂದು ಗೆರೆ ನೆಟ್ಟಗೆ ಎಳೆಯುವುದಕ್ಕೆ ಬರುವುದಿಲ್ಲ. ಆದರೆ ಅದನ್ನು ಈಗ ಹೇಳುವ ಹಾಗಿಲ್ಲ. ಹೇಳಿದರೆ, ವ್ಯಾನು ಕತ್ತರಿಸುವುದು ಭಾವನಿಗೆ ಇಷ್ಟವಿಲ್ಲ, ಅದಕ್ಕೇ ಕೊಂಕು ತೆಗೆಯುತ್ತಿದ್ದಾರೆ ಎಂದು ಅಕ್ಕನ ಕಿವಿಗೆ ಸುದ್ದಿ ಹೋಗುತ್ತದೆ. ಇಷ್ಟವಿಲ್ಲದಿರುವುದು ನಿಜವೇ. ಆದರೆ ಇಷ್ಟವಿಲ್ಲ ಎಂದು ಅವನು ಹೇಳಿಲ್ಲವಲ್ಲ.

"ನಿಮ್ಮಕ್ಕನ್ನ ಕೇಳು," ಎಂದ.

"ಅಕ್ಕ ನಿಮ್ಮನ್ನ ಕೇಳು ಅಂದ್ಲು."

"ಹಾಗಾದ್ರೆ ನಿನಗೆ ತೋಚಿದ ಹಾಗೆ ಮಾಡು."

"ನನಗೆ ತೋಚಿದ ಹಾಗೆ ಮಾಡಿದ್ರೆ ಆಮೇಲೆ ಗಂಡ ಹೆಂಡ್ತಿ ಒಂದಾಗಿ ನನ್ನನ್ನೇ ಕತ್ತರಿಸ್ತೀರ," ಎಂದು ಬಾಮೈದ ಒಂದು ಗೆರೆಯನ್ನು ಅಂಗಿಯ ತೋಳಿನಿಂದ ಒರೆಸಿ, ಅದೇ ಜಾಗದಲ್ಲಿ ಇನ್ನೂ ಸೊಟ್ಟಗೆ ಇನ್ನೊಂದು ಎಳೆದ.

ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ ವ್ಯಾನು ಅದು. ಅವನನ್ನು ಎಲ್ಲರೂ ವ್ಯಾನ್ ಮಾಮ ಎಂದೇ ಕರೆಯುತ್ತಿದ್ದರು. ಮಕ್ಕಳು ಕರೆದರು, ಮಕ್ಕಳ ಅಪ್ಪ ಅಮ್ಮಂದಿರು ಕರೆದರು, ಅವನ ತಂದೆಯ ವಯಸ್ಸಿನ ತಾತನೊಬ್ಬ ಕೂಡ ಒಂದು ದಿನ ಬರಿಗಾಲಲ್ಲಿ ಓಡಿ ಬಂದು, "ವ್ಯಾನ್ ಮಾಮ, ಮೊಮ್ಮಗಳ ನೀರಿನ ಬಾಟ್ಲಿ!" ಎಂದು ಕೂಗಿದ್ದ. ಬೆಳಿಗ್ಗೆ ಅವನ ಹಾರ್ನು ಕೇಳಿಸಿದರೆ ಬೀದಿಗೆ ಬೀದಿಯೇ ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದು ಕಾಲಿಗೆ ಹುಡುಕುತ್ತಿತ್ತು. ಆಮೇಲೆ ಶಾಲೆಯವರೇ ದೊಡ್ಡ ಬಸ್ಸು ತಂದರು. ಸುದ್ದಿ ವ್ಯಾನಿಗೂ ಮುಟ್ಟಿತೋ ಏನೋ, ಅದೇ ವಾರ ಅದರ ಎಂಜಿನ್ನು ಕಚ್ಚಿಕೊಂಡು ಕೂತಿತು. ಈಗ ವ್ಯಾನ್ ಮಾಮ ಎಂಬುದರಲ್ಲಿ ವ್ಯಾನು ಹೋದರೆ ಉಳಿಯುವುದೇನು? ಬರೀ ಮಾಮ. ಯಾರ ಮಾಮ? ಈ ಬಾಮೈದನಿಗೆ ಇನ್ನೂ ಮದುವೆಯೇ ಆಗಿಲ್ಲ.

ಹೆಂಡತಿ ಗಿಡಗಳ ನರ್ಸರಿ ನಡೆಸುತ್ತಿದ್ದಳು. ಒಂದು ಕಾಲದಲ್ಲಿ ಅವನು ಇದನ್ನು ಎಲ್ಲರಿಗೂ ತಮಾಷೆಯಾಗಿ ಹೇಳುತ್ತಿದ್ದ: ನಾವಿಬ್ಬರೂ ನರ್ಸರಿಯವರೇ, ನನ್ನವು ಅಳುತ್ತವೆ, ಅವಳವು ಅಳುವುದಿಲ್ಲ, ಅಷ್ಟೇ. ಈಗ ಅವನದು ನಿಂತುಹೋಗಿತ್ತು, ಅವಳದು ಕಾಂಪೌಂಡಿನ ತುದಿಯವರೆಗೂ ಹಬ್ಬಿ, ಒಂದು ಬಳ್ಳಿ ಅವನ ವ್ಯಾನಿನ ಹಿಂದಿನ ಚಕ್ರಕ್ಕೂ ಸುತ್ತಿಕೊಂಡಿತ್ತು. ಅವಳು ಹಳೆಯದೇ ಆದರೂ ಗಟ್ಟಿಮುಟ್ಟಾದ ಒಂದು ಕಾರು ತಂದಳು. ಡಿಕ್ಕಿಯಲ್ಲಿ ನಾಲ್ಕು ಕುಂಡ ಇಟ್ಟರೆ ಐದನೆಯದಕ್ಕೆ ಜಾಗವಿಲ್ಲ. ಒಂದು ಬೆಳಿಗ್ಗೆ ನೀರಿನ ಪೈಪು ಹಿಡಿದು ನಿಂತವಳು ವ್ಯಾನನ್ನು ಮೇಲಿನಿಂದ ಕೆಳಗೆ ನೋಡಿ, "ರೀ, ಇದರ ಮುಂದಿನ ಭಾಗ ತೆಗೆಸಿ ಒಂದು ಕೊಂಡಿ ಹಾಕಿಸಿದ್ರೆ ಕಾರಿಗೆ ಒಳ್ಳೇ ಟ್ರೈಲರ್ ಆಗತ್ತಲ್ವಾ?" ಎಂದಳು. ಅವನು, "ಆಗತ್ತಪ್ಪ, ಯಾಕಾಗಲ್ಲ," ಎಂದ. ಬೇರೆ ಏನು ಹೇಳುವುದು? ಬೇಡ ಎನ್ನಲು ಕಾರಣ ಬೇಕು. ಇದ್ದ ಕಾರಣವನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಕಾರು ಮನೆಗೆ ಬಂದಾಗಿನಿಂದ ಅವನು ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ. ಅವಳ ಪಕ್ಕದ ಸೀಟಿನಲ್ಲಿ, ಕೈಗೆ ಸ್ಟೀರಿಂಗಿಲ್ಲದೆ, ಕಾಲಿಗೆ ಬ್ರೇಕಿಲ್ಲದೆ, ತೊಡೆಯ ಮೇಲೆ ಎರಡು ಕೈ ಇಟ್ಟುಕೊಂಡು ಮದುವೆ ಫೋಟೋಕ್ಕೆ ಕೂತವನಂತೆ ಕೂರುವುದು ತನ್ನಿಂದ ಆಗದ ಕೆಲಸ ಎಂದು ಅವನಿಗೆ ಖಾತ್ರಿಯಾಗಿತ್ತು. "ಬನ್ರೀ, ಮಾರ್ಕೆಟ್ಟಿಗೆ ಹೋಗ್ಬರೋಣ," ಎಂದರೆ "ಡಾಕ್ಟ್ರು ನಡೀಬೇಕು ಅಂದಿದ್ದಾರೆ," ಎನ್ನುತ್ತಿದ್ದ. ಯಾವ ಡಾಕ್ಟರೂ ಅಂದಿರಲಿಲ್ಲ. ಸುಳ್ಳನ್ನು ಸಾಕುವುದಕ್ಕಾಗಿ ದಿನಾ ನಡೆದು ನಡೆದು ಕಾಲು ತೆಳ್ಳಗಾಗಿತ್ತು.

ಟ್ರೈಲರ್ ತಯಾರಾದರೆ ಇನ್ನು ಈ ಸುಳ್ಳೂ ನಡೆಯುವುದಿಲ್ಲ. ಹೊಸ ಆಸ್ಪತ್ರೆಯೊಂದರ ಅಂಗಳಕ್ಕೆ ದೊಡ್ಡ ದೊಡ್ಡ ಕುಂಡಗಳ ಆರ್ಡರು ಬಂದಿತ್ತು. ಅವಳ ಕೈಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು. ಹಿಂದೆ ಅಷ್ಟುದ್ದ ಕಟ್ಟಿಕೊಂಡು ಹೋಗುವಾಗ ಪಕ್ಕದಲ್ಲಿ ಕೂತು ಹಿಂದೆ ಮುಂದೆ ನೋಡಿ ಹೇಳುವವರೊಬ್ಬರು ಬೇಕು. "ನೀವು ಬರ್ತೀರಲ್ಲ?" ಎಂದು ಅವಳು ಕೇಳಿದ್ದಳು. ಕೇಳಿದ ರೀತಿ ಹೇಗಿತ್ತೆಂದರೆ, ಬರುವುದಿಲ್ಲ ಎಂದರೆ ತಮ್ಮನನ್ನು ಕರೆದುಕೊಂಡು ಹೋಗುತ್ತಾಳೆ, ಅಷ್ಟೇ, ಮತ್ತೆಂದೂ ಕೇಳುವುದಿಲ್ಲ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳು ಒಂದು ಸಲ ಬಿಟ್ಟರೆ ಬಿಟ್ಟಳೇ.

ಈ ಬಿಡು ಎಂಬ ಮಾತೇ ಒಂದು ದೊಡ್ಡ ಎಡವಟ್ಟು. ಗಾಡಿ ಓಡಿಸುವುದಕ್ಕೂ ಬಿಡುವುದು ಎನ್ನುತ್ತೇವೆ, ಓಡಿಸುವುದನ್ನು ನಿಲ್ಲಿಸಿದರೂ ಬಿಟ್ಟ ಎನ್ನುತ್ತೇವೆ. ಮೊನ್ನೆ ಚೌಕದಲ್ಲಿ ಹಳೆಯ ಪರಿಚಯದವರೊಬ್ಬರು ಸಿಕ್ಕಿ, "ಇನ್ನೂ ವ್ಯಾನು ಬಿಡ್ತಿದ್ದೀರಾ?" ಎಂದು ಕೇಳಿದಾಗ "ಬಿಟ್ಟೆ ಸಾರ್" ಎಂದ. ಅವರು "ಭೇಷ್" ಎಂದು ಬೆನ್ನು ತಟ್ಟಿ ಹೋದರು. ಏನು ಅರ್ಥ ಮಾಡಿಕೊಂಡರೋ ಅವರಿಗೇ ಗೊತ್ತು. ಹೆಂಡತಿಗೆ ವ್ಯಾನು ಬಿಡುವುದನ್ನು ಹೇಳಿಕೊಡಲು ಹೋದ ದಿನವೂ ಆದದ್ದು ಇದೇ. ಶಾಲೆಯ ಹಿಂದಿನ ಬಯಲು. ಮಕ್ಕಳು ಮನೆಗೆ ಹೋಗಲು ಕಾಯುತ್ತ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಅವಳು ಡ್ರೈವರ್ ಸೀಟಿನಲ್ಲಿ, ತುಟಿ ಕಚ್ಚಿಕೊಂಡು, ಎರಡು ಕೈಯಲ್ಲೂ ಸ್ಟೀರಿಂಗನ್ನು ಹಾಲಿನ ಪಾತ್ರೆಯಂತೆ ಹಿಡಿದಿದ್ದಳು. ಅವನು ಪಕ್ಕದಲ್ಲಿ. ಗೇರು ಬಿತ್ತು. "ಬಿಡು," ಎಂದ, ಕ್ಲಚ್ಚಿನ ಮೇಲಿನ ಕಾಲನ್ನು. ಅವಳು ಬಿಡಲಿಲ್ಲ. "ಬಿಡೇ!" ಎಂದ. "ಬಿಡು ಬಿಡು ಬಿಡು!" ಎಂದು ಕೂಗಿದ. ಅವಳು ಬಿಟ್ಟಳು. ಸ್ಟೀರಿಂಗನ್ನೂ ಬಿಟ್ಟಳು, ಕ್ಲಚ್ಚನ್ನೂ ಬಿಟ್ಟಳು, ಎರಡು ಕೈಯನ್ನೂ ಪೊಲೀಸರಿಗೆ ಸಿಕ್ಕಿಬಿದ್ದವಳಂತೆ ಮೇಲೆತ್ತಿಬಿಟ್ಟಳು. ವ್ಯಾನು ನೆಗೆದು ಕಾವಲುಗಾರ ಬಟ್ಟೆ ಒಣಹಾಕಿದ್ದ ಹಗ್ಗಕ್ಕೆ ನುಗ್ಗಿತು. ಗಾಜಿನ ತುಂಬ ಹೂವಿನ ಚಿತ್ರದ ಒಂದು ಬೆಡ್‌ಶೀಟು ಹರಡಿಕೊಂಡು ಮುಂದೇನೂ ಕಾಣಿಸದಾಯಿತು. ಮಕ್ಕಳು ಚಪ್ಪಾಳೆ ತಟ್ಟಿದವು. ಆ ಚಪ್ಪಾಳೆ ಇಲ್ಲದಿದ್ದರೆ ಅವನು ಆ ಮಾತು ಆಡುತ್ತಿರಲಿಲ್ಲವೇನೋ. ಕೆಳಗಿಳಿದು, ಕಾವಲುಗಾರನಿಗೂ ಕೇಳಿಸುವಂತೆ, ಮಕ್ಕಳಿಗೂ ಕೇಳಿಸುವಂತೆ, "ಗಾಡಿ ಬಿಡೋದು ನಿನ್ನ ಕೈಲಾಗೋ ಕೆಲಸ ಅಲ್ಲ, ಬಿಡು," ಎಂದ. ಅವಳು ಬೆಡ್‌ಶೀಟನ್ನು ಗಾಜಿನಿಂದ ಎಳೆದು, ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಿಸಿ ಕಾವಲುಗಾರನ ಕೈಗೆ ಕೊಟ್ಟಳು. ಮನೆಗೆ ಹೋಗುವಾಗ ಮುಂದಿನ ಸೀಟು ಖಾಲಿಯಿದ್ದರೂ ಹಿಂದೆ ಮಕ್ಕಳ ನಡುವೆ ಕೂತಳು. ಯಾವುದೋ ಮಗು ತನ್ನ ಚೀಲವನ್ನು ಅವಳ ತೊಡೆಯ ಮೇಲೆ ಇಟ್ಟಿತ್ತು. ಕನ್ನಡಿಯಲ್ಲಿ ಅವನು ದಾರಿಯನ್ನು ನೋಡುವುದು ಬಿಟ್ಟು ಅವಳನ್ನೇ ನೋಡುತ್ತ ಬಂದ, ಅವಳು ಒಮ್ಮೆಯೂ ಕನ್ನಡಿ ನೋಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಒಂದು ದಿನ, ವ್ಯಾನಿನ ತುಂಬ ಮಕ್ಕಳನ್ನು ತುಂಬಿಕೊಂಡು ಹೋಗುವಾಗ, ಹಿಂದಿನಿಂದ ಯಾರೋ ದಾರಿ ಬಿಡಿ ಎಂದು ಹಾರ್ನು ಮಾಡಿದರು. ಬಿಟ್ಟ. ಡ್ರೈವಿಂಗ್ ಸ್ಕೂಲಿನ ಕಾರೊಂದು ಅವನನ್ನು ದಾಟಿ ಹೋಯಿತು. ಒಳಗೆ ಹೆಂಡತಿ! ಹೋಗುತ್ತ ಒಂದು ಕೈ ಎತ್ತಿ ಥ್ಯಾಂಕ್ಸ್ ಹೇಳಿದಳು ಬೇರೆ. ವ್ಯಾನಿನ ಮಕ್ಕಳೆಲ್ಲ "ಆಂಟೀ!" ಎಂದು ಕಿರುಚಿದವು. ಸಂಜೆ ಮನೆಯಲ್ಲಿ ಅವಳೂ ಆ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ಕಂಬ ನುಂಗಿದವನಂತೆ ಕೂತು ಊಟ ಮಾಡಿದ.

"ಭಾವಾ, ನಿದ್ದೆ ಬಂತಾ? ಗೆರೆ ಒಣಗೋಯ್ತು," ಎಂದ ಬಾಮೈದ. ಕೈಯಲ್ಲಿ ಕಟಿಂಗ್ ಮಿಷನ್ನು ಹಿಡಿದು ನಿಂತಿದ್ದ. ಅದರ ಚಕ್ರ ಸುಮ್ಮನೆ ಒಮ್ಮೆ ತಿರುಗಿ ಗುಂಯ್ ಎಂದಿತು. ಇಲ್ಲಿ ಕೂತು ಇದನ್ನು ನೋಡುವುದು ಸಾಧ್ಯವಿಲ್ಲ. ಎದ್ದು, ಚಪ್ಪಲಿ ಮೆಟ್ಟಿಕೊಂಡು, "ನಾನು ಗಡ್ಡ ಮಾಡಿಸ್ಕೊಂಡು ಬರ್ತೀನಿ," ಎಂದು ಹೊರಟ. ಗೇಟಿನವರೆಗೂ ಹೋಗಿ ಬಾಯಿ ತಡೆಯದೆ ತಿರುಗಿ ಅಂದ: "ಆ ಡ್ರೈವರ್ ಸೀಟು, ಸ್ಟೀರಿಂಗು ಬಿಟ್ಟು ಮಾಡಪ್ಪ."

"ಬಿಟ್ಟು ಅಂದ್ರೆ? ಅದನ್ನ ತೆಗೆದು ಬಿಸಾಕಿ ಮಾಡ್ಲಾ, ಅದನ್ನ ಮುಟ್ಟದೆ ಮಾಡ್ಲಾ?"

ಕೇಳಿಸಿತು. ಕೇಳಿಸದವನ ಹಾಗೆ ಗೇಟು ಮುಚ್ಚಿಕೊಂಡು ನಡೆದ. ತಾನು ಹೇಳಿದ್ದು ಯಾವ ಅರ್ಥದಲ್ಲಿ ಎಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಟ್ರೈಲರಿನೊಳಗೆ ಡ್ರೈವರ್ ಸೀಟು ಯಾವ ಸುಖಕ್ಕೆ? ಚಿಕ್ಕ ಮಕ್ಕಳೂ ನಗುತ್ತವೆ. ತೆಗೆದು ಬಿಸಾಕು ಎನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ. ಅದಕ್ಕೇ ಎರಡೂ ಕಡೆ ಸಲ್ಲುವ ಮಾತೊಂದನ್ನು ಎಸೆದು ಪಾರಾಗಿದ್ದ. ಬೀದಿಯುದ್ದಕ್ಕೂ ಹಿಂದಿನಿಂದ ಗುಂಯ್ ಎಂಬ ಸದ್ದು ಅಟ್ಟಿಸಿಕೊಂಡು ಬಂತು. ತನಗೆ ಕೇಳಿಸುವುದು ಬಾಮೈದನ ಮಿಷನ್ನೋ ತನ್ನ ಕಿವಿಯೋ ತಿಳಿಯಲಿಲ್ಲ. ನೀಲಿ ಗೇಟಿನ ಮನೆ ದಾಟಿದ. ಇಲ್ಲಿ ಒಬ್ಬ ಹುಡುಗ ಪ್ರತಿದಿನ ವ್ಯಾನು ಹತ್ತುವಾಗ ಅಳುತ್ತಿದ್ದ, ಇಳಿಯುವಾಗಲೂ ಅಳುತ್ತಿದ್ದ. ಎರಡು ಮಹಡಿಯ ಮನೆ ದಾಟಿದ. ಇಲ್ಲಿಯ ಹುಡುಗಿ ಕಿಟಕಿಯಿಂದ ಒಂದೇ ಶೂ ಹೊರಗೆಸೆದು, ಶಾಲೆ ಮುಟ್ಟಿದ ಮೇಲೆ ಹೇಳಿದ್ದಳು. ನಡೆದು ಹೋಗುವವನಿಗೆ ಈ ಮನೆಗಳೆಲ್ಲ ಬೇರೆಯೇ ಎತ್ತರಕ್ಕಿದ್ದವು. ವ್ಯಾನಿನ ಸೀಟಿನಿಂದ ಕಾಂಪೌಂಡಿನ ಒಳಗಡೆ ಕಾಣುತ್ತಿತ್ತು, ಈಗ ಬರೀ ಗೋಡೆ.

ಕ್ಷೌರದಂಗಡಿಯಲ್ಲಿ ಕತ್ತಿನ ಸುತ್ತ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕಣ್ಣು ಮುಚ್ಚಿದ. ಇಲ್ಲಿಯೂ ಕತ್ತರಿಯೇ. ಅಂಗಡಿಯವನು ಕೆನ್ನೆಗೆ ನೊರೆ ಹಚ್ಚುತ್ತ, "ಮೀಸೆ ಬಿಟ್ಟು ಮಾಡ್ಲಾ?" ಎಂದ.

"ಹೂಂ, ಮೀಸೆ ಬಿಟ್ಟು," ಎಂದ ಅವನು, ಎಂದಿನಂತೆ. ಮಾತು ಬಾಯಿಂದ ಹೊರಬಿದ್ದ ಮೇಲೆ ಕಣ್ಣು ಬಿಟ್ಟ. ಕನ್ನಡಿಯಲ್ಲಿ ನೊರೆ ಮೆತ್ತಿದ ಮುಖವೊಂದು ಅವನನ್ನೇ ನೋಡುತ್ತಿತ್ತು. ಮೀಸೆ ಬಿಟ್ಟು ಎಂದರೆ ಮೀಸೆ ಇರಲಿ ಎಂದು ಅಂಗಡಿಯವನಿಗೆ ಗೊತ್ತಿದೆ, ತನಗೂ ಗೊತ್ತಿದೆ, ಇದರಲ್ಲಿ ಗೊಂದಲವೇ ಇಲ್ಲ. ಮೀಸೆ ತಾನೇ ಯಾವ ಸುಖಕ್ಕೆ ಎಂದು ಯಾರೂ ಕೇಳುವುದಿಲ್ಲ. ಹಾಗಾದರೆ ಸೀಟು ಬಿಟ್ಟು ಎಂದು ತಾನು ಹೇಳಿದ್ದೂ ಅದೇ. ಇರಲಿ ಎಂದೇ. ಅಯ್ಯೋ, ಅವನು ತೆಗೆದು ಬಿಸಾಕಿದರೆ? "ಬೇಗ ಮಾಡಪ್ಪ," ಎಂದು ತಲೆ ತಿರುಗಿಸಿದ. "ಅಲ್ಲಾಡ್ಬೇಡಿ ವ್ಯಾನ್ ಮಾಮ, ಕಿವಿ ಬಿಟ್ಟು ಮಾಡ್ಬೇಕೋ ಬೇಡ್ವೋ?" ಎಂದು ಅಂಗಡಿಯವನು ಅವನ ತಲೆಯನ್ನು ಹಿಡಿದು ನೇರ ಮಾಡಿದ.

ಒಂದು ಕೆನ್ನೆಯಲ್ಲಿ ನೊರೆ ಉಳಿಸಿಕೊಂಡೇ ಓಡೋಡಿ ಬಂದ. ವ್ಯಾನಿನ ಮೂತಿ ಹೋಗಿತ್ತು. ದೀಪಗಳು, ಗಾಜು, ಎಂಜಿನ್ನು, ಮುಂದಿನ ಚಕ್ರಗಳು ಎಲ್ಲವೂ ಒಂದು ಪಕ್ಕಕ್ಕೆ ರಾಶಿ ಬಿದ್ದಿದ್ದವು. ಉಳಿದ ಹಳದಿ ಡಬ್ಬದ ಮುಂತುದಿಯಲ್ಲಿ, ತೆರೆದ ಗಾಳಿಗೆ, ಡ್ರೈವರ್ ಸೀಟು ಇತ್ತು. ಪಕ್ಕದ ಬಾಗಿಲೂ ಇತ್ತು. ನೆಲಕ್ಕೆ ಬೆಸೆದ ಕಂಬಿಯ ಮೇಲೆ ಸ್ಟೀರಿಂಗೂ ಇತ್ತು. ಕೈ ಹಾಕಿದರೆ ಗರಗರನೆ ಸುತ್ತುತ್ತಿತ್ತು, ಅದಕ್ಕೆ ಯಾವ ಚಕ್ರದ ಗೊಡವೆಯೂ ಇರಲಿಲ್ಲ. ಅವನಿಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ ಬಾಮೈದನಿಗೆ ಬೈಯಬೇಕಾಯಿತು.

"ಏನೋ ಇದು? ಟ್ರೈಲರಿಗೆ ಯಾರಾದ್ರೂ ಸ್ಟೀರಿಂಗ್ ಇಡ್ತಾರೇನೋ?"

"ನೀವೇ ಅಲ್ವಾ ಹೇಳಿದ್ದು? ಡೌಟು ಬಂತು, ಅಕ್ಕನ್ನೂ ಕೇಳ್ದೆ. ಅಕ್ಕನೂ 'ಹೂಂ ಕಣೋ, ಸೀಟು ಬಿಟ್ಟೇ ಮಾಡು' ಅಂದ್ಲು. ಇಬ್ರೂ ಒಂದೇ ಮಾತು ಹೇಳಿದ್ರಿ, ಅಪರೂಪಕ್ಕೆ. ನಾನು ಬಿಟ್ಟೆ."

ಗದ್ದಲ ಕೇಳಿ ಹೆಂಡತಿ ಪೈಪು ಹಿಡಿದು ಬಂದಳು. ಸೀಟನ್ನು ನೋಡಿದಳು. ಸ್ಟೀರಿಂಗನ್ನು ನೋಡಿದಳು. ಅವನ ಕೆನ್ನೆಯ ನೊರೆಯನ್ನು ನೋಡಿದಳು. ಮುಖದಲ್ಲಿ ಏನೋ ಬಂತು, ಅದನ್ನು ಅವನು ಓದಿಕೊಳ್ಳುವಷ್ಟರಲ್ಲಿ ಬೆನ್ನು ತಿರುಗಿಸಿ ಗಿಡಗಳಿಗೆ ನೀರು ಹಿಡಿದಳು. ಭುಜ ಅಲ್ಲಾಡುತ್ತಿತ್ತೆ? ನಗುತ್ತಿದ್ದಳೆ? ನಗುವುದಾದರೆ ಎದುರಿಗೇ ನಗಬಹುದಲ್ಲ. ಇದು ಬೇಕೆಂದೇ ಮಾಡಿಸಿದ್ದು ಎಂದು ಅವನ ಮನಸ್ಸಿಗೆ ಹೊಕ್ಕಿತು. ನೀನು ಕೂತು ಆಟದ ಸ್ಟೀರಿಂಗು ತಿರುಗಿಸುತ್ತಿರು, ಗಾಡಿ ಬಿಡುವವಳು ನಾನು ಎಂದು. ಬೆಡ್‌ಶೀಟಿನ ಲೆಕ್ಕ ಇನ್ನೂ ಮುಗಿದಿಲ್ಲ. ಬಿಟ್ಟು ಎಂದು ಅವಳು ಹೇಳಿದ್ದು ಯಾವ ಅರ್ಥದಲ್ಲಿ ಎಂದು ಕೇಳಿಬಿಟ್ಟರೆ ಆಗಿತ್ತು. ಕೇಳಲು ಬಾಯಿ ಬರಲಿಲ್ಲ. ತನ್ನ ಅರ್ಥವನ್ನು ಮೊದಲು ಹೇಳಬೇಕಾಗುತ್ತಿತ್ತಲ್ಲ.

ಮುಂದಿನ ಕೆಲಸ ಚಕಚಕನೆ ನಡೆಯಿತು. ಬಾಮೈದ ಹಿಂದಿನ ಚಕ್ರಗಳ ಅಚ್ಚನ್ನು ಕಿತ್ತು ಸ್ವಲ್ಪ ಮುಂದಕ್ಕೆ ತಂದು ಬೆಸೆದ. "ಈಗ ನೋಡಿ, ತಕ್ಕಡಿ ಹಾಗೆ ಸಮ ನಿಲ್ಲತ್ತೆ," ಎಂದ. ತೆರೆದ ಮೂತಿಗೆ ಒಂದು ತಗಡು ಹೊಡೆದ, ಹಾಗಾಗಿ ಸೀಟಿನಲ್ಲಿ ಕೂತವನಿಗೆ ಇನ್ನು ಮುಂದೆ ಕಾಣುವುದು ತಗಡು ಮಾತ್ರ. ಕೆಳಗೆ ಎತ್ತಿನ ಗಾಡಿಯ ಮೂಕಿಯಂತೆ ಉದ್ದಕ್ಕೆ ಒಂದು ಕಬ್ಬಿಣದ ಕೋಲು ಚಾಚಿ ತುದಿಗೆ ಕೊಂಡಿ ಇಟ್ಟ. ಹಿಂದಿನ ದೀಪಗಳಿಗೆ ಕಾರಿನಿಂದ ವೈರು ಎಳೆದ. ಎಳೆಯುವಾಗ ಹಳೆಯ ವೈರುಗಳ ಗೋಜಲಿನಲ್ಲಿ ಯಾವುದಕ್ಕೆ ಯಾವುದನ್ನು ಸೇರಿಸಿದನೋ, ಕೇಳಿದರೆ "ಕರೆಂಟಿಗೆ ದಾರಿ ಗೊತ್ತಿರತ್ತೆ ಭಾವ," ಎಂದ. ಕೊನೆಗೆ ಎಲ್ಲಕ್ಕೂ ಹಳದಿ ಬಣ್ಣ ಬಳಿದು, ದೂರ ನಿಂತು, ಸೊಂಟದ ಮೇಲೆ ಕೈಯಿಟ್ಟು, "ಅಕ್ಕನ ಕಾರಿಗೆ ಬಾಲಂಗೋಚಿ ರೆಡಿ!" ಎಂದು ಕೂಗಿದ. ಗಾಳಿಪಟದ ಬಾಲಕ್ಕೂ ಅದೇ ಹೆಸರು, ಯಾರದೋ ಹಿಂದೆ ಸುಮ್ಮನೆ ಸುತ್ತುವವನಿಗೂ ಅದೇ ಹೆಸರು. ಬಾಮೈದ ಹೇಳಿದ್ದು ಟ್ರೈಲರಿಗೆ. ತಾಗಿದ್ದು ಮಾತ್ರ ಪಕ್ಕದಲ್ಲಿ ನಿಂತವನಿಗೆ.

ಆಸ್ಪತ್ರೆಯ ಆರ್ಡರಿನ ದಿನ ಬಂದೇ ಬಂತು. ಬೆಳಿಗ್ಗೆಯಿಂದ ಮೂವರೂ ಸೇರಿ ಕುಂಡ ಹೊತ್ತರು. ಟ್ರೈಲರಿನ ಹಿಂಬಾಗಿಲು ತೆರೆದು, ಕೈಗೆಟುಕುವ ಜಾಗದಲ್ಲೇ ಒಂದರ ಪಕ್ಕ ಒಂದು ಇಡುತ್ತ ಹೋದರು. ಒದ್ದೆ ಮಣ್ಣಿನ ಕುಂಡಗಳು, ಒಂದೊಂದೂ ಆಳಿಗಿಂತ ಭಾರ. ಮೂಕಿಯ ಕೆಳಗೆ ಕೊಟ್ಟಿದ್ದ ಕಲ್ಲುಗಳ ಮೇಲೆ ಅದು ಯಾವಾಗ ಹಗುರವಾಯಿತೋ ಯಾರೂ ನೋಡಲಿಲ್ಲ. ಕೊನೆಯ ಕುಂಡ ಇಟ್ಟು ಬಾಮೈದ "ಉಶ್ಶಪ್ಪಾ" ಎಂದು ಕೈ ಒರೆಸಿಕೊಂಡದ್ದೇ ತಡ, ಟ್ರೈಲರಿನ ಹಿಂಭಾಗ ನಿಧಾನವಾಗಿ ನೆಲಕ್ಕೆ ಕೂತು ಮೂಕಿ ಆಕಾಶ ನೋಡಿತು. "ಕುಂಡಾ! ಕುಂಡಾ!" ಎಂದು ಅವಳು ಕಿರುಚಿ ಹಿಂಬಾಗಿಲಿಗೆ ಬೆನ್ನು ಕೊಟ್ಟಳು. ಅವನು ಯೋಚಿಸಲಿಲ್ಲ. ಪಕ್ಕದ ಬಾಗಿಲು ತೆಗೆದು ಎಂದಿನಂತೆ ಎಡವದೆ, ನೋಡದೆ, ಹಾರಿ ಸೀಟಿನಲ್ಲಿ ಕೂತ. ಮೂಕಿ ಕೆಳಗಿಳಿಯಿತು.

"ಅಲ್ಲೇ ಇರಿ ಭಾವ! ಉಸಿರಾಡ್ಬೇಡಿ!" ಎಂದು ಬಾಮೈದ ಓಡಿ ಹೋಗಿ ಕಾರಿನ ಕೊಂಡಿಗೆ ಸಿಕ್ಕಿಸತೊಡಗಿದ.

ಅವನು ಅಲ್ಲೇ ಇದ್ದ. ಕೈಗಳು ತಮ್ಮಷ್ಟಕ್ಕೆ ಸ್ಟೀರಿಂಗಿನ ಮೇಲೆ ಹೋಗಿದ್ದವು. ಎದುರಿಗೆ ತಗಡು. ಸೀಟಿನ ಹಳೆಯ ಗುಳಿ ಅವನ ಬೆನ್ನಿಗೆ ಸರಿಯಾಗಿ ಕೂತಿತು. ತಗಡಿನ ಮೇಲೆ ನೀಲಿ ಗೇಟು ಬಂತು, ಎರಡು ಮಹಡಿಯ ಮನೆ ಬಂತು, ಶಾಲೆಯ ಕಟ್ಟೆ ಬಂತು, ಹೂವಿನ ಬೆಡ್‌ಶೀಟು ಬಂದು ಎಲ್ಲವನ್ನೂ ಮುಚ್ಚಿಕೊಂಡಿತು. ಇಷ್ಟು ಕಾಲ ಗಾಡಿ ಬಿಟ್ಟವನು ಈಗ ಗಾಡಿಗೆ ಬರೀ ಭಾರ ಎಂದುಕೊಂಡ. ಹಾಗೆಂದುಕೊಂಡರೂ ದುಃಖವಾಗಲಿಲ್ಲ, ಅದೇ ಆಶ್ಚರ್ಯ. ಭಾರವಾದರೂ ಸರಿ, ಬೇಕಾದ ಭಾರವಲ್ಲವೆ? ಕೆಳಗಿಳಿದರೆ ಎಲ್ಲ ಬುಡಮೇಲಾಗುತ್ತದಲ್ಲವೆ? ಇಲ್ಲೇ ಕೂತು ಹೋಗಿಬಿಟ್ಟರೆ ಹೇಗೆ ಎಂಬ ಯೋಚನೆ ಬಂದು ಮೈ ಹಗುರವಾಯಿತು. ಅವಳ ಪಕ್ಕ ಕೂತ ಹಾಗೂ ಆಗಲಿಲ್ಲ, ಅವಳ ಜೊತೆ ಹೋಗದ ಹಾಗೂ ಆಗಲಿಲ್ಲ.

ಕಿಟಕಿಯಲ್ಲಿ ಹೆಂಡತಿಯ ಮುಖ ಬಂತು. ಮೂಗಿನ ತುದಿಗೆ ಮಣ್ಣು ಮೆತ್ತಿತ್ತು.

"ಇಳೀರಿ."

"ಇಳಿದ್ರೆ ಮೂಕಿ ಎತ್ತತ್ತೆ."

"ನಿಮ್ಮ ಜಾಗಕ್ಕೆ ಎರಡು ಮೂಟೆ ಮಣ್ಣು ಇಡೋಣ."

"ಮೂಟೆ ಯಾಕೆ? ನಾನೇ ಇದ್ದೀನಲ್ಲ. ಹೀಗೇ ಬರ್ತೀನಿ ನಡಿ. ಕುಂಡಾನೂ ನೋಡ್ಕೊಂಡ ಹಾಗಾಗತ್ತೆ."

"ಟ್ರೈಲರೊಳಗೆ ಕೂತ್ಕೊಂಡು? ತಗಡು ನೋಡ್ಕೊಂಡು?"

"ಗಾಳಿ ಚೆನ್ನಾಗಿ ಬರ್ತಿದೆ ಕಣೇ ಇಲ್ಲಿ."

ಅವಳು ಕಿಟಕಿಯ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಬಾಮೈದ ಇದ್ದಕ್ಕಿದ್ದಂತೆ ಕಾರಿನ ಆಚೆಯ ಚಕ್ರದ ಗಾಳಿ ನೋಡಲು ಹೋದ. "ನನ್ನ ಪಕ್ಕ ಕೂರೋದು ಅಷ್ಟು ಕಷ್ಟನಾ ನಿಮಗೆ?" ಎಂದು ಮೆಲ್ಲಗೆ ಕೇಳಿದಳು. "ಇಷ್ಟು ದಿನ ಕೇಳ್ಲಿಲ್ಲ. ನಡೀತಾರೆ, ನಡೀಲಿ ಬಿಡು ಅಂತಿದ್ದೆ. ಡಾಕ್ಟ್ರು ಏನೂ ಹೇಳಿಲ್ಲ ಅಂತ ನನಗೆ ಗೊತ್ತಿಲ್ವಾ? ನನಗೆ ಬೇಜಾರಾಗತ್ತೆ ಕಣ್ರೀ."

ಅವನು ಸ್ಟೀರಿಂಗನ್ನು ಒಂದು ಸುತ್ತು ತಿರುಗಿಸಿದ. ಗರಗರ ಎಂದಿತು. "ಭಯ," ಎಂದ.

"ಏನು ಭಯ? ಎಲ್ಲಿ ಗುದ್ದಿಬಿಡ್ತೀನೋ ಅಂತನಾ?"

"ಎಲ್ಲಿ ಗುದ್ದದೆ ಹೋಗ್ತೀಯೋ ಅಂತ."

ಹೇಳಿಯೇಬಿಟ್ಟಿದ್ದ. ಕಿವಿ ಬಿಸಿಯಾಯಿತು. ಅವಳು ಪಕ್ಕನೆ ನಕ್ಕಳು. ಮೂಗಿನ ಮಣ್ಣು ಉದುರಿತು. ಅವನಿಗೂ ನಗು ಬಂತು, ತಡೆಯಲು ಹೋಗಿ ಕೆಮ್ಮು ಬಂತು. "ಅಲ್ಲಾಡ್ಬೇಡಿ ಭಾವಾ!" ಎಂದು ಬಾಮೈದ ಆ ಕಡೆಯಿಂದ ಕೂಗಿದ.

"ಆವತ್ತು ನಾನು ಹಾಗನ್ನಬಾರದಿತ್ತು," ಎಂದ, ತಗಡಿಗೆ.

"ಅನ್ನಬಾರದಿತ್ತು," ಎಂದಳು ಅವಳು. "ಈಗ ಇಳೀರಿ."

"ಒಂದು ಮಾತು. ಸೀಟು ಬಿಟ್ಟೇ ಮಾಡು ಅಂದ್ಯಂತಲ್ಲ ತಮ್ಮನ ಹತ್ರ. ಯಾವ ಬಿಟ್ಟು?"

"ನೀವು ಅಂದಿದ್ದು ಯಾವುದು?"

"ಮೀಸೆ ಬಿಟ್ಟು ಅಂತಾರಲ್ಲ, ಆ ಬಿಟ್ಟು."

"ನಾನೂ ಅದೇ ಅಂದೆ," ಎಂದಳು. "ಎಲ್ಲಾನೂ ತೆಗೆಸಿಬಿಟ್ರೆ ನೀವು ಕೂರೋದೆಲ್ಲಿ, ಬೇಜಾರಾದಾಗ? ಮನೆಗೆ ಬಂದ್ಮೇಲೆ ಎಷ್ಟು ಹೊತ್ತಾದ್ರೂ ಕೂತ್ಕೊಳ್ಳಿ, ಯಾರು ಬೇಡ ಅಂತಾರೆ? ದಾರೀಲಿ ಮಾತ್ರ ಮುಂದೆ."

ಬಾಮೈದ ಮೂಕಿಯನ್ನು ಅದುಮಿ ಹಿಡಿದಿರಲು, ಗಂಡ ಹೆಂಡತಿ ಇಬ್ಬರೂ ಸೇರಿ ಎರಡು ಮೂಟೆ ಮಣ್ಣನ್ನು ಎತ್ತಿ ಸೀಟಿನಲ್ಲಿ ಕೂರಿಸಿದರು. ಬಾಮೈದ ಅದಕ್ಕೆ ಬೆಲ್ಟು ಹಾಕಿ, "ನಿಮಗಿಂತ ನೆಟ್ಟಗೆ ಕೂತಿದೆ ಭಾವ," ಎಂದ. ಅವನು ಹೋಗಿ ಕಾರಿನ ಮುಂದಿನ ಬಾಗಿಲು ತೆಗೆದ. ಸೀಟು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮೊದಲು ತೊಡೆಯ ಮೇಲಿಟ್ಟ, ಮದುವೆ ಫೋಟೋ ನೆನಪಾಗಿ ಎತ್ತಿ ಎದೆಗೆ ಕಟ್ಟಿಕೊಂಡ, ಆಮೇಲೆ ಒಂದು ಕೈಯನ್ನು ಕಿಟಕಿಗೆ ಆನಿಸಿದ. ಅವಳು ಕನ್ನಡಿ ಸರಿಪಡಿಸಿಕೊಂಡಳು. ಕಾರು ಹೊರಟಿತು, ಹಿಂದೆ ಹಳದಿ ಟ್ರೈಲರು ಒಮ್ಮೆ ಜಗ್ಗಿ, ಹೂಂ ಎಂದುಕೊಂಡು ಹಿಂಬಾಲಿಸಿತು.

ಗೇಟಿನಾಚೆ ರಸ್ತೆಗೆ ಹತ್ತುವಲ್ಲಿ ಚಿಕ್ಕದೊಂದು ಏರು. ಮೇಲೆ ರಸ್ತೆಯಲ್ಲಿ ಸೈಕಲ್ಲೊಂದು ಅಡ್ಡ ಬಂತು. ಅವನ ಕಾಲು ಎದುರಿನ ಖಾಲಿ ನೆಲವನ್ನು ಬಲವಾಗಿ ಒತ್ತಿತು. ಪಾಂ ಎಂದು ಹಿಂದಿನಿಂದ ವ್ಯಾನಿನ ಹಾರ್ನು ಕೂಗಿತು. ಅವನು ಬೆಚ್ಚಿ ಕಾಲು ತೆಗೆದ. ಹಾರ್ನು ನಿಲ್ಲಲಿಲ್ಲ, ಯಾಕೆಂದರೆ ಬ್ರೇಕು ಒತ್ತಿದ್ದವಳು ಅವಳು. ಬಾಮೈದನ ಕರೆಂಟು ದಾರಿ ತಪ್ಪಿ, ಬ್ರೇಕಿನ ದೀಪಕ್ಕೆ ಹೋಗಬೇಕಾದದ್ದು ಸೀಟಿನಡಿ ಉಳಿದಿದ್ದ ಹಳೆಯ ಹಾರ್ನಿಗೂ ಹೋಗಿತ್ತು. ಎದುರು ಮನೆಯ ಹೆಂಗಸೊಬ್ಬರು, ಅವರ ಮಗ ಈಗ ಗಡ್ಡ ಬಿಟ್ಟುಕೊಂಡು ಆಫೀಸಿಗೆ ಹೋಗುತ್ತಾನೆ, ಕೈಯಲ್ಲಿ ಸೌಟು ಹಿಡಿದು ಗಾಬರಿಯಿಂದ ಹೊರಗೋಡಿ ಬಂದು, "ಬಂದಾ, ಬಂದಾ, ಒಂದ್ನಿಮಿಷ ವ್ಯಾನ್ ಮಾಮ!" ಎಂದು ಕೂಗಿ, ಆಮೇಲೆ ಏನು ಕೂಗಿದೆನೆಂದು ತಿಳಿದು ನಾಲಿಗೆ ಕಚ್ಚಿಕೊಂಡರು. ಅವನು ಕಿಟಕಿಯಿಂದ ಕೈ ಎತ್ತಿದ.

ಸೈಕಲ್ಲು ದಾಟಿ ಹೋಯಿತು. ಕಾರು ಏರಿನ ಮಧ್ಯೆ ನಿಂತಿತ್ತು, ಹಿಂದೆ ಅಷ್ಟೂ ಕುಂಡಗಳ ಭಾರ. ಅವಳು ಹ್ಯಾಂಡ್‌ಬ್ರೇಕು ಎಳೆದು, ಗೇರು ಹಾಕಿ, ಒಂದು ಕಾಲು ಕ್ಲಚ್ಚಿನ ಮೇಲೆ, ಇನ್ನೊಂದು ಆಕ್ಸಿಲರೇಟರಿನ ಮೇಲೆ ಇಟ್ಟುಕೊಂಡು ತುಟಿ ಕಚ್ಚಿದಳು. ಅಂದಿನ ಹಾಗೆಯೇ ಕಚ್ಚಿದಳು. ಅವನ ಗಂಟಲಿನವರೆಗೂ ಬಂದ ಮಾತುಗಳನ್ನೆಲ್ಲ ಅವನು ನುಂಗಿಕೊಂಡ. ಪಕ್ಕದ ಕನ್ನಡಿಯಲ್ಲಿ, ತಿರುವಿನಲ್ಲಿ ಓರೆಯಾಗಿ ನಿಂತ ಟ್ರೈಲರಿನ ಕಿಟಕಿಯೊಳಗೆ, ತನ್ನ ಜಾಗದಲ್ಲಿ ಬೆಲ್ಟು ಹಾಕಿಕೊಂಡು ಮಣ್ಣಿನ ಮೂಟೆ ಗಂಭೀರವಾಗಿ ಕೂತಿತ್ತು.

"ಬಿಡ್ಲೇನ್ರೀ?" ಎಂದಳು ಅವಳು, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

"ಬಿಡು," ಎಂದ.

ಅವಳು ಬಿಟ್ಟಳು.